ಪದಚರ್ಚೆ: ಜಪಾನಿನ ‘ಗುನ್ಶಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನಾರನೆಯ ಶತಮಾನದ ಸಮುರಾಯ್ ಕುರೋಡಾ ಕಾನ್ಬೈ (1546–1604) ಕುರಿತ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಒಡಾ ನೊಬುನಾಗ ಎಂಬ ದೊಡ್ಡ ದೊರೆಯ ಪಕ್ಷಕ್ಕೆ ಸೇರಿ, ಮುಂದೆ ಆ ದೊರೆಯ ಸೇನಾಪತಿ ಹಿಡೆಯೋಶಿಯ ಬಲಗೈಯಾದವನು ಇವನು. ಜಪಾನಿನಲ್ಲಿ ಇವನ ಹೆಸರಿನ ಜೊತೆ ತಪ್ಪದೆ ಬರುವ ಮಾತು ‘ಗುನ್ಶಿ’. ಗುನ್ ಎಂದರೆ ದಂಡು, ಶಿ ಎಂದರೆ ಗುರು. ಕರಡಿನಲ್ಲಿ ಇದು ಒಂದು ಕಡೆ ‘ಯುದ್ಧತಂತ್ರಜ್ಞ’, ಒಂದು ಕಡೆ ‘ದಂಡನಾಯಕ’, ತಲೆಬರಹದಲ್ಲಿ ‘ಜಪಾನಿನ ಚಾಣಕ್ಯ’ ಎಂದಾಗಿದೆ. ಮೂರೂ ಒಂದೇ ಬರಹದಲ್ಲಿ ಇರಕೂಡದು. ಯಾವುದನ್ನು ಉಳಿಸಬೇಕು? ‘ಚೋರ್ಯಕು’, ‘ಮಿಜುಜೆಮೆ’ ಎಂಬ ಎರಡು ಮಾತುಗಳೂ ಮತ್ತೆ ಮತ್ತೆ ಬರುತ್ತವೆ. ಅವಕ್ಕೆ ಕನ್ನಡದ್ದೇ ಪದ ಸಿಕ್ಕೀತೇ? ಹೆಸರುಗಳ ಕಾಗುಣಿತವನ್ನೂ ದಯವಿಟ್ಟು ನೋಡಿ.

ಉತ್ತರ 1

ಮೂರನ್ನೂ ಬಿಡಬೇಕಾಗುತ್ತದೆ. ‘ತಂತ್ರಜ್ಞ’ ಎಂದೊಡನೆ ಇಂದಿನ ಓದುಗರ ಕಣ್ಣಿಗೆ ಬರುವವನು ಎಂಜಿನಿಯರು. ‘ತಂತ್ರಜ್ಞಾನ’ ಆ ಪದವನ್ನು ಪೂರಾ ತನ್ನ ಕಡೆಗೆ ಎಳೆದುಕೊಂಡಿದೆ. ಮುಂದೆ ‘ಯುದ್ಧ’ ಸೇರಿಸಿದರೆ ತೋಪು ಬಂದೂಕು ಮಾಡುವವನಂತೆ ಕೇಳುತ್ತದೆ. ‘ದಂಡನಾಯಕ’ ಎನ್ನುವುದು ದಂಡನ್ನು ಮುಂದೆ ನಿಂತು ನಡೆಸುವವನ ಪದವಿ, ನಮ್ಮ ಶಾಸನಗಳಲ್ಲಿ ಗಟ್ಟಿಯಾಗಿ ನಿಂತ ಅರ್ಥ ಅದು. ಹಿದೆಯೊಶಿಯ ದಂಡಯಾತ್ರೆಗಳಲ್ಲಿ ದಂಡಿನ ನಾಯಕ ಹಿದೆಯೊಶಿಯೇ. ‘ಚಾಣಕ್ಯ’ನ ಮಾತಿಗೆ ಕೊನೆಯಲ್ಲಿ ಬರುತ್ತೇನೆ, ಅದು ಬರೀ ಪದದ ತಪ್ಪಲ್ಲ.

ಮೊದಲು ‘ಗುನ್ಶಿ’ ಎಂಬ ಮಾತಿನ ಹುಟ್ಟನ್ನು ನೋಡಬೇಕು. ಇದು ಚೀನಾದಿಂದ ಬಂದ ಪದ. ಮೂರು ರಾಜ್ಯಗಳ ಕಾಲದ ಝೂಗೆ ಲಿಯಾಂಗನಿಗೆ ಈ ಅಕ್ಷರಗಳಿರುವ ಬಿರುದೇ ಇತ್ತು. ಆದರೆ ಕಂಬೇ (ನಿಮ್ಮ ಕರಡಿನ ಕಾನ್ಬೈ) ಬದುಕಿದ್ದ ಕಾಲದ ಜಪಾನಿನಲ್ಲಿ ‘ಗುನ್ಶಿ’ ಎಂಬ ಹುದ್ದೆ ಇರಲಿಲ್ಲ. ಯಾವ ದೊರೆಯೂ ಯಾರನ್ನೂ ಆ ಹೆಸರಿನ ಕೆಲಸಕ್ಕೆ ನೇಮಿಸಿಕೊಂಡವನಲ್ಲ. ಯುದ್ಧಗಳೆಲ್ಲ ಮುಗಿದು ನಾಡು ತಣ್ಣಗಾದ ಎದೊ ಕಾಲದಲ್ಲಿ (1603–1868) ಹಿಂದಿನ ಕದನಗಳ ಕಥನಗಳನ್ನು ಜನ ಆಸೆಪಟ್ಟು ಓದಿದರು. ಆ ಕಥನಕಾರರು ಚೀನಾದ ಮಾದರಿಯನ್ನು ಮುಂದಿಟ್ಟುಕೊಂಡು ಪ್ರತಿ ದೊಡ್ಡ ದೊರೆಯ ಪಕ್ಕಕ್ಕೂ ಒಬ್ಬ ಗುನ್ಶಿಯನ್ನು ಕೂರಿಸಿದರು. ಹಿದೆಯೊಶಿಯ ಪಕ್ಕದಲ್ಲಿ ತಕೆನಕ ಹಂಬೇ, ಕುರೊದ ಕಂಬೇ. ಹೆಸರಿನ ಕೊನೆ ಒಂದೇ ಆದ್ದರಿಂದ ‘ಇಬ್ಬರು ಬೇಗಳು’ ಎಂಬ ಜೋಡಿ. ತಕೆದ ಶಿಂಗೆನ್‌ನ ಪಕ್ಕದಲ್ಲಿ ಯಮಮೊತೊ ಕನ್ಸುಕೆ. ಈ ಕನ್ಸುಕೆ ನಿಜವಾಗಿ ಇದ್ದನೇ ಎಂಬ ಸಂಶಯ ಬಹಳ ಕಾಲ ಇತ್ತು. 1969ರಲ್ಲಿ ಹೊಕ್ಕೈದೊದಲ್ಲಿ ಶಿಂಗೆನ್‌ನ ಪತ್ರವೊಂದು ಬೆಳಕಿಗೆ ಬಂದು, ಅದರಲ್ಲಿ ಆ ಹೆಸರು ಕಂಡಿತು. ಅಲ್ಲಿ ಅವನ ಕೆಲಸ ಒಡೆಯನ ಬಾಯಿಮಾತನ್ನು ಹೊತ್ತು ಹೋಗಿ ಹೇಳುವುದು. ಕಥನದಲ್ಲಿ ಗುನ್ಶಿ, ಕಾಗದದಲ್ಲಿ ಓಲೆಕಾರ.

ಹಾಗಾದರೆ ಕಂಬೇ ಮಾಡುತ್ತಿದ್ದುದೇನು? ಕಾಲಕಾಲಕ್ಕೆ ಅವನಿಗಿದ್ದ ಕೆಲಸಗಳಿಗೆ ಬೇರೆ ಬೇರೆ ಹೆಸರುಗಳಿವೆ, ಅವು ಕನ್ನಡಕ್ಕೆ ಸಲೀಸಾಗಿ ಬರುತ್ತವೆ.

‘ತೊರಿತ್ಸುಗಿ’ ಎಂದರೆ ಎರಡು ಮನೆತನಗಳ ನಡುವೆ ಮಾತುಕತೆ ನಡೆಸುವವನು. ಇದಕ್ಕೆ ನಮ್ಮಲ್ಲಿ ‘ಸಂಧಿವಿಗ್ರಹಿ’ ಇದೆ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಹೆರಿಸಂಧಿವಿಗ್ರಹಿ’, ‘ಕನ್ನಡ ಸಂಧಿವಿಗ್ರಹಿ’, ‘ಲಾಳ ಸಂಧಿವಿಗ್ರಹಿ’ ಎಂದೆಲ್ಲ ಕಾಣುತ್ತದೆ, ಎಂದರೆ ಯಾವ ಸೀಮೆಯ ವ್ಯವಹಾರ ಯಾರದೆಂದು ಹಂಚಿಕೆಯೂ ಇತ್ತು. ಕಂಬೇಯ ಪಾಲಿಗೆ ಬಂದ ಸೀಮೆ ಪಡುವಣದ ಮೋರಿ ಮನೆತನದ್ದು. ಶಾಸನದ ವಾಸನೆ ಹೆಚ್ಚಾಯಿತು ಎನಿಸಿದರೆ ‘ಸಂಧಾನಕಾರ’ ಎನ್ನಿ, ಅರ್ಥ ಕೆಡದು.

‘ಇಕುಸ ಮೆತ್ಸುಕೆ’ ಎಂದರೆ ಒಡೆಯನ ಪರವಾಗಿ ಬೇರೆ ದೊರೆಗಳ ದಂಡಿನ ಜೊತೆ ಹೋಗಿ, ಯಾರು ಹೇಗೆ ಕಾದಿದರು, ಆಜ್ಞೆ ನಡೆಯಿತೇ ಎಂದು ನೋಡುವವನು. ‘ದಂಡಿನ ಮೇಲ್ವಿಚಾರಕ’ ಸಾಕು. 1585ರ ಶಿಕೊಕು ದಂಡಯಾತ್ರೆಯಲ್ಲೂ ಮರುವರ್ಷದ ಕ್ಯೂಶೂ ದಂಡಯಾತ್ರೆಯಲ್ಲೂ ಅವನಿಗಿದ್ದುದು ಈ ಹೊಣೆ.

ಇವರಿಬ್ಬರಿಗಿಂತ ಬೇರೆಯವನು ‘ಗುಂಬಾಯ್‌ಶ’. ದಂಡು ಹೊರಡಲು ದಿನ, ದಿಕ್ಕು, ಮೋಡ, ಶಕುನ ನೋಡಿ ಹೇಳುವವನು; ಅಶಿಕಗದ ವಿದ್ಯಾಶಾಲೆಯಲ್ಲಿ ಕಲಿತವರಿಗೆ ಈ ಕೆಲಸಕ್ಕೆ ಬೇಡಿಕೆ. ಇವನನ್ನು ‘ದಂಡಿನ ಜೋಯಿಸ’ ಎನ್ನಬಹುದು. ಕಂಬೇ ಈ ಬಗೆಯವನಲ್ಲ, ಆದ್ದರಿಂದ ಗುನ್ಶಿ, ಗುಂಬಾಯ್‌ಶ ಎರಡಕ್ಕೂ ಒಂದೇ ಪದ ಹಾಕಬೇಡಿ. ಅವನ ಹೆಸರಿನಲ್ಲಿರುವ ಗುಂಬಾಯ್ ಎಂಬ ಬೀಸಣಿಗೆ ಇಂದಿಗೂ ಸುಮೊ ಕುಸ್ತಿಯ ತೀರ್ಪುಗಾರನ ಕೈಯಲ್ಲಿದೆ. ಗೆದ್ದವನ ಕಡೆಗೆ ಅದನ್ನು ಚಾಚುತ್ತಾನೆ.

ಇನ್ನು ‘ಚೋರ್ಯಕು’. ಕಾಳಗವಿಲ್ಲದೆ ಎದುರಾಳಿಯ ಪಕ್ಷದವರನ್ನು ಮಾತಿನಿಂದ, ಜಮೀನಿನ ಆಸೆಯಿಂದ, ಒಳಗಿನ ಬಿರುಕಿನಿಂದ ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ‘ಪಿತೂರಿ’ ಎಂದರೆ ಬೈದಂತಾಗುತ್ತದೆ. ಜಪಾನಿ ಮಾತಿನಲ್ಲಿ ಆ ಬೈಗುಳವಿಲ್ಲ. ಸಾಮ, ದಾನ, ಭೇದ, ದಂಡ ಎಂಬ ನಾಲ್ಕರಲ್ಲಿ ಮೊದಲ ಮೂರು ಸೇರಿದರೆ ಚೋರ್ಯಕು. ಕನ್ನಡದಲ್ಲಿ ‘ಭೇದೋಪಾಯ’ ಎಂದೇ ಬರೆಯಿರಿ. ಸಾಮದಾನಗಳು ಎದ್ದು ಕಾಣುವ ಕಡೆ ‘ಒಲಿಸಿಕೊಳ್ಳುವುದು’ ಎಂಬ ಸರಳ ಮಾತು ಇನ್ನೂ ಮೇಲು. ಮೂಲ ಪದವನ್ನು ಹಾಗೆಯೇ ಇಟ್ಟರೆ ಓದುಗರು ಅದರಲ್ಲಿ ಚೋರ, ಚೌರ್ಯ ಓದಿಕೊಳ್ಳುತ್ತಾರೆ, ಆದ್ದರಿಂದ ಒಂದೇ ಸಲ ಕೊಟ್ಟು ಬಿಟ್ಟುಬಿಡಿ.

ಕಂಬೇಯ ಬದುಕಿನ ಎರಡು ಮುಖ್ಯ ಘಟನೆಗಳು ಈ ಪದದ ಮೇಲೆಯೇ ನಿಂತಿವೆ. 1578ರಲ್ಲಿ ಅರಕಿ ಮುರಶಿಗೆ ನೊಬುನಗನ ಮೇಲೆ ತಿರುಗಿಬಿದ್ದಾಗ ಅವನನ್ನು ಒಲಿಸಲು ಕಂಬೇ ಅರಿಯೊಕ ಕೋಟೆಗೆ ಹೋದ. ಅಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಕತ್ತಲಕೋಣೆಯಲ್ಲಿ ಕಳೆದು, ಕಾಲು ಊನಮಾಡಿಕೊಂಡು ಹೊರಬಂದ. ಅವನೂ ಶತ್ರುವಿನ ಕಡೆ ಸೇರಿದನೆಂದು ಬಗೆದ ನೊಬುನಗ ಒತ್ತೆಯಿದ್ದ ಅವನ ಮಗನನ್ನು ಕೊಲ್ಲಲು ಹೇಳಿದ್ದ. ಹಂಬೇ ಆ ಹುಡುಗನನ್ನು ಬಚ್ಚಿಟ್ಟು ಉಳಿಸಿದ. ಅದೇ ಕೆಲಸ 1590ರಲ್ಲಿ ಒದವರದಲ್ಲಿ ಫಲಿಸಿತು. ಕೋಟೆಯೊಳಗಿದ್ದ ಹೋಜೋ ಮನೆತನದವರ ಮನವೊಲಿಸಿ ಶರಣಾಗತಿಗೆ ಒಪ್ಪಿಸಿದ. ಆಗ ಅವರು ಕೊಟ್ಟ ಕತ್ತಿ ಇಂದು ಫುಕುವೊಕ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಒಂದರಲ್ಲಿ ಸೋಲು, ಒಂದರಲ್ಲಿ ಗೆಲುವು. ಎರಡಕ್ಕೂ ಒಂದೇ ಪದ ಬಳಸಿದರೆ ಮಾತ್ರ ಈ ಕೆಲಸಕ್ಕೆ ತೆರಬೇಕಾದ ಬೆಲೆ ಓದುಗರಿಗೆ ಗೊತ್ತಾಗುತ್ತದೆ.

ಒಟ್ಟು ಬರಹಕ್ಕೆ ಒಂದು ಪದ ಬೇಕೇ ಬೇಕಾದರೆ ‘ತಂತ್ರಗಾರ’ ಎನ್ನಿ. ಪತ್ರಿಕೆ ಓದುವವರಿಗೆಲ್ಲ ಪರಿಚಯವಿರುವ ಮಾತು. ‘ತಂತ್ರ’ಕ್ಕೆ ಸಂಸ್ಕೃತದಲ್ಲಿ ಸೈನ್ಯ ಎಂಬ ಅರ್ಥವೂ ಇರುವುದರಿಂದ ಬೇರೂ ದೂರದ್ದಲ್ಲ. ‘ಗುನ್ಶಿ’ಯನ್ನು ಮೊದಲ ಸಲ ಬಂದಾಗ ಹಾಗೆಯೇ ಇಟ್ಟು, ‘ದಂಡಿನ ಗುರು ಎಂದು ಮುಂದಿನವರು ಕೊಟ್ಟ ಹೆಸರು’ ಎಂದು ಬಿಡಿಸಿ. ‘ಮುಂದಿನವರು’ ಎಂಬ ಮಾತು ಬಿಟ್ಟುಹೋಗಬಾರದು.

‘ಜಪಾನಿನ ಚಾಣಕ್ಯ’ ಬೇಡವೆನ್ನಲು ಕಾರಣವೂ ಇದೇ. ಗೆದ್ದ ಕಡೆಯಲ್ಲಿ ಯಾರೋ ಒಬ್ಬ ಕೂತು ಎಲ್ಲವನ್ನೂ ಮೊದಲೇ ಕಂಡಿದ್ದ ಎಂಬ ನಂಬಿಕೆ ನಮ್ಮ ‘ಚಾಣಕ್ಯ’ದಲ್ಲೂ ಅವರ ‘ಗುನ್ಶಿ’ಯಲ್ಲೂ ಇದೆ. ಒಂದು ಕಟ್ಟುಕಥೆಯ ಹೆಸರನ್ನು ತೆಗೆದು ಇನ್ನೊಂದನ್ನು ಹೊದಿಸಿದರೆ ಮೂಟೆ ಹೊತ್ತವರು, ಓಲೆ ಒಯ್ದವರು, ಎದುರಿನವರ ಕಡೆಯಿಂದ ಮಾತಿಗೆ ಬಂದವರು ಎಲ್ಲರೂ ಮರೆಯಾಗುತ್ತಾರೆ.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ‘ಒಲಿಸಿಕೊಳ್ಳುವುದು’ ಕರಡಿನಲ್ಲಿ ಹಾಕಿ ನೋಡಿದರೆ ನಾಲ್ಕು ಕಡೆ ವಾಕ್ಯವೇ ಹಗುರವಾಯಿತು. ಈಗ ‘ಮಿಜುಜೆಮೆ’: ‘ಜಲದಾಳಿ’ ಎಂದಿದೆ, ಸರಿಯೇ? ನೀವು ಕಂಬೇ, ಹಿದೆಯೊಶಿ ಎಂದು ಬರೆದಿದ್ದೀರಿ. ಕರಡಿನ ಕಾನ್ಬೈ, ಹಿಡೆಯೋಶಿ ಯಾಕೆ ತಪ್ಪು?

ಉತ್ತರ 2

ಹೆಸರಿನಿಂದ ಶುರುಮಾಡುತ್ತೇನೆ. ಕರಡಿನ ಕಾಗುಣಿತ ರೋಮನ್ ಅಕ್ಷರ ನೋಡಿ ಬರೆದದ್ದು. ಜಪಾನಿಯಲ್ಲಿ ಹ್ರಸ್ವ ಎ, ಒ ಬೇರೆ, ದೀರ್ಘ ಏ, ಓ ಬೇರೆ. ಕನ್ನಡದಲ್ಲಿ ಎರಡಕ್ಕೂ ಅಕ್ಷರವಿದೆ, ಆ ಅನುಕೂಲ ಬಿಡಬಾರದು. ಆದ್ದರಿಂದ ಹ್ರಸ್ವದ ಕುರೊದ, ಹಿದೆಯೊಶಿ. ದೀರ್ಘದ ಮೋರಿ, ಹೋಜೋ. ಅವರ ದಕಾರ ನಮ್ಮ ‘ದ’ಕ್ಕೆ ಹತ್ತಿರ, ‘ಡ’ಕ್ಕಲ್ಲ. ಪದದ ಕೊನೆಯ ಅಕಾರವನ್ನು ನಾವು ನುಂಗದೆ ಓದುವವರಾದ್ದರಿಂದ ‘ಕುರೊದ’ಕ್ಕೆ ದೀರ್ಘ ಬೇಕಿಲ್ಲ.

ಸೊನ್ನೆಯ ವಿಷಯ ಇನ್ನೂ ಚೆಂದ. ಕನ್ನಡದ ಸೊನ್ನೆ ಮುಂದಿನ ಅಕ್ಷರ ನೋಡಿ ದನಿ ಬದಲಿಸುತ್ತದೆ. ಕಣ್ ಮತ್ತು ಪನಿ ಸೇರಿದ ‘ಕಂಬನಿ’ಯಲ್ಲಿ ಅದು ಮಕಾರ. ಜಪಾನಿ ನಕಾರವೂ ಬಕಾರದ ಮುಂದೆ ಮಕಾರವೇ ಆಗುತ್ತದೆ. ಹಾಗಾಗಿ ಕಂಬೇ, ಹಂಬೇ, ಗುಂಬಾಯ್ ಎಂದು ಸೊನ್ನೆ ಹಾಕಿದರೆ ಉಚ್ಚಾರ ತಾನಾಗಿ ಕೂಡಿಬರುತ್ತದೆ. ‘ಗುನ್ಶಿ’ಗೆ ಮಾತ್ರ ಸೊನ್ನೆ ಬೇಡ. ‘ಅಂಶ’ವನ್ನು ನಾವು ಮಕಾರದಲ್ಲಿ ಓದುತ್ತೇವಲ್ಲ, ‘ಗುಂಶಿ’ ಎಂದರೆ ‘ಗುಮ್ಶಿ’ಯಾಗುತ್ತದೆ.

ಮೋರಿ ಎಂದರೆ ನಮಗೆ ಚರಂಡಿ. ನೀರಿನ ಮುತ್ತಿಗೆಯ ಭಾಗದಲ್ಲಿ ‘ಮೋರಿಯವರು’ ಎಂದು ಬಂದರೆ ಓದು ಮುಗ್ಗರಿಸುತ್ತದೆ. ಪ್ರತಿ ಸಲವೂ ‘ಮೋರಿ ಮನೆತನ’ ಅಥವಾ ಮೋರಿ ತೆರುಮೊತೊ ಎಂದು ಪೂರ್ತಿ ಹೆಸರು ಹಾಕಿ.

ಕಂಬೇ, ಯೊಶಿತಕ, ಜೊಸುಯ್, ಸಿಮೆಯೋನ ಎಂಬವರು ನಾಲ್ಕು ಜನರಲ್ಲ. ಕಂಬೇ ಕರೆಯುವ ಹೆಸರು, ಯೊಶಿತಕ ಅಂಕಿತನಾಮ, ಜೊಸುಯ್ ನಿವೃತ್ತನಾದ ಮೇಲಿನ ಹೆಸರು (ನೀರಿನಂತೆ ಎಂದರ್ಥ), ಸಿಮೆಯೋನ ಕ್ರೈಸ್ತ ದೀಕ್ಷೆಯ ಹೆಸರು. ಕೊನೆಯದು ಕನ್ನಡ ಬೈಬಲಿನಲ್ಲಿ ಇರುವ ರೂಪ, ಅದನ್ನೇ ಇಡಿ. ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ: ಮೊದಲ ಒಡೆಯನ ಮನೆತನದ ‘ಕೊದೆರ’ ಎಂಬ ಹೆಸರನ್ನೂ ಅವನು ಕೆಲಕಾಲ ಹೊತ್ತಿದ್ದ. ಹಳೆಯ ಪತ್ರಗಳಲ್ಲಿ ‘ಕೊದೆರ ಕಂಬೇ’ ಕಂಡರೆ ಅವನೇ.

ಈಗ ಮಿಜುಜೆಮೆ. ಮಿಜು ಎಂದರೆ ನೀರು, ಸೆಮೆ ಎಂದರೆ ಆಕ್ರಮಣ; ಸಮಾಸದಲ್ಲಿ ‘ಸೆ’ ‘ಜೆ’ ಆಗಿದೆ. ನಮ್ಮ ಆದೇಶಸಂಧಿ ಬಲ್ಲವರಿಗೆ ಇದು ಹೊಸತಲ್ಲ. ಮಳೆ, ಕಾಲ ಕೂಡಿ ಮಳೆಗಾಲ. ಮುನ್, ಸೆರಗು ಕೂಡಿ ಮುಂಜೆರಗು. ಜಪಾನಿಯಲ್ಲಿ ಕೊರೊಶಿ (ಕೊಲ್ಲುವುದು) ಸಮಾಸದಲ್ಲಿ ಗೊರೊಶಿ ಆಗುತ್ತದೆ. ನಮ್ಮ ಕೊಲೆ ‘ಕಗ್ಗೊಲೆ’ಯಲ್ಲಿ ಗೊಲೆ. ಎರಡೂ ನುಡಿಗೆ ನಂಟು ಹಚ್ಚಲು ಇದು ಸಾಲದು, ಆದರೆ ಸೆಮೆ, ಜೆಮೆ ಎರಡು ಬೇರೆ ಪದಗಳೆಂದು ಅಡಿಟಿಪ್ಪಣಿ ಹಾಕುವ ತಪ್ಪಾದರೂ ತಪ್ಪುತ್ತದೆ.

‘ಜಲದಾಳಿ’ ಸರಿಹೋಗದು, ಅದು ಹಡಗಿನ ಯುದ್ಧದಂತೆ ಕೇಳುತ್ತದೆ. ‘ನೀರುಮುತ್ತಿಗೆ’ ಎನ್ನಿ. 1582ರಲ್ಲಿ ಬಿಚ್ಚೂ ಸೀಮೆಯ ತಕಮತ್ಸು ಕೋಟೆಯಲ್ಲಿ ಆದದ್ದು ಇದು. (ಶಿಕೊಕುವಿನ ತಕಮತ್ಸು ನಗರ ಬೇರೆ, ಈ ಕೋಟೆಯ ಜಾಗ ಈಗ ಒಕಯಮ ನಗರದಲ್ಲಿದೆ.) ಸುತ್ತ ಜೌಗು ನೆಲ, ಕುದುರೆ ಕಾಲಿಡಲಾಗದು. ಹಾಗಾಗಿ ಅದೇ ಜೌಗನ್ನು ಕೆರೆ ಮಾಡಿದರು. ಮಣ್ಣಿನ ಏರಿ ಹಾಕಿ, ಅಶಿಮೊರಿ ಹೊಳೆಯನ್ನು ಒಡ್ಡಿ ತಿರುಗಿಸಿ ಒಳಕ್ಕೆ ಬಿಟ್ಟರು. ಮಳೆಗಾಲವಾದ್ದರಿಂದ ನೀರು ಬೇಗ ಏರಿತು. ಕರಡಿನ ‘ಅಣೆಕಟ್ಟು’ ತೆಗೆಯಿರಿ. ಹೊಳೆಗೆ ಅಡ್ಡ ಹಾಕಿದ್ದು ‘ಒಡ್ಡು’, ನೀರನ್ನು ನಿಲ್ಲಿಸಿದ್ದು ‘ಏರಿ’. ಕೆರೆ ಬಲ್ಲ ಕನ್ನಡಿಗರಿಗೆ ಚಿತ್ರ ತಟ್ಟನೆ ಕಣ್ಣಮುಂದೆ ಬರುತ್ತದೆ. ಏರಿ ಸುಮಾರು 3 ಕಿಲೋಮೀಟರ್ ಉದ್ದ, 12 ದಿನದ ಕೆಲಸ ಎಂಬುದು ಹಳೆಯ ಲೆಕ್ಕ. ನೆಲ ತಾನಾಗಿ ಎತ್ತರವಿದ್ದ ಕಡೆ ಏರಿ ಬೇಕಿರಲಿಲ್ಲವೆಂದು ಈಚಿನವರು ಆ ಉದ್ದವನ್ನು ಬಹಳ ಇಳಿಸುತ್ತಾರೆ, ಆದ್ದರಿಂದ ‘ಎಂದು ಹೇಳುತ್ತಾರೆ’ ಸೇರಿಸಿ. ಮಣ್ಣು ತುಂಬಿದ ಹುಲ್ಲಿನ ಮೂಟೆಗೆ ‘ದೊಹ್ಯೋ’ ಎನ್ನುತ್ತಾರೆ. ಸುಮೊ ಅಖಾಡದ ಅಂಚಿಗೆ ಹೂಳುವುದು ಇಂಥ ಮೂಟೆಗಳನ್ನೇ, ಅಖಾಡಕ್ಕೂ ಅದೇ ಹೆಸರು. ಇಲ್ಲಿ ‘ಮಣ್ಣುಮೂಟೆ’ ಸಾಕು.

ಹಿಂದಿನ ವರ್ಷ ತೊತ್ತೊರಿಯಲ್ಲಿ ನಡೆದದ್ದು ‘ಹ್ಯೋರೋಜೆಮೆ’, ದಂಡಿನ ದವಸ ತಡೆದು ಹಾಕಿದ ಮುತ್ತಿಗೆ. ಮೊದಲೇ ವ್ಯಾಪಾರಿಗಳ ಕೈಯಿಂದ ಆ ಸೀಮೆಯ ಅಕ್ಕಿಯನ್ನು ಹೆಚ್ಚು ಬೆಲೆಗೆ ಕೊಳ್ಳಿಸಿ, ಆಮೇಲೆ ದಾರಿ ಮುಚ್ಚಿದರು. ಕೋಟೆ ಬಿದ್ದ ಮೇಲೆ, ಬದುಕುಳಿದು ಹೊರಬಂದವರಲ್ಲಿ ಬಹಳ ಜನ ಸಿಕ್ಕಿದ ಅನ್ನವನ್ನು ಒಮ್ಮೆಗೇ ಉಂಡು ಸತ್ತರು; ಬಹುಕಾಲ ಬರಿದಾದ ಒಡಲು ಅದನ್ನು ತಾಳಲಿಲ್ಲ. ‘ಹಸಿವಿನ ಮುತ್ತಿಗೆ’ ಎಂದು ಬರೆಯಿರಿ. ‘ಆರ್ಥಿಕ ದಿಗ್ಬಂಧನ’ ಎಂಬ ಕರಡಿನ ಮಾತು ಅಲ್ಲಿ ಸತ್ತವರಿಗೆ ಅನ್ಯಾಯ.

‘ಚೀನಾದಿಂದ ಮಹಾ ಮರಳಿಕೆ’ ಎಂಬ ಸಾಲೂ ಕರಡಿನಲ್ಲಿದೆಯೇ, ಹುಡುಕಿ ನೋಡಿ. ಯಂತ್ರಾನುವಾದದಲ್ಲಿ ಇದು ನುಸುಳುವುದುಂಟು. ‘ಚೂಗೊಕು’ವಿನ ಅಕ್ಷರಗಳೂ ಚೀನಾದ ಹೆಸರಿನ ಅಕ್ಷರಗಳೂ ಒಂದೇ, ಆದರೆ ಇಲ್ಲಿ ಅದು ಜಪಾನಿನ ಪಡುವಣ ಸೀಮೆ. ನೊಬುನಗ ಸತ್ತ ಸುದ್ದಿ ತಕಮತ್ಸುವಿಗೆ ಮುಟ್ಟಿದೊಡನೆ ಮೋರಿ ಮನೆತನದ ಪರವಾಗಿ ಬಂದ ಬೌದ್ಧ ಭಿಕ್ಷುವಿನ ಜೊತೆ ಸಂಧಾನ ಮುಗಿಸಿದರು. ಕೋಟೆಯ ಒಡೆಯ ಶಿಮಿಜು ಮುನೆಹರು ನೀರಿನ ಮೇಲೆ ದೋಣಿಯಲ್ಲಿ ಕೂತು ಹೊಟ್ಟೆ ಸೀಳಿಕೊಂಡ. ಹಿದೆಯೊಶಿಯ ದಂಡು 200 ಕಿಲೋಮೀಟರಿಗೂ ಮೇಲೆ ನಡೆದು ಕ್ಯೋತೊ ಬಳಿಯ ಯಮಜಕಿ ತಲುಪಿತು. ‘ಪಡುವಣದಿಂದ ಮಹಾ ಮರಳುನಡೆ’ ಎನ್ನಬಹುದು.

‘5,23,000 ಕೊಕು ಸಂಬಳ’ ಎಂದೂ ಬರೆಯಬೇಡಿ. ಕೊಕು ಸುಮಾರು 180 ಲೀಟರ್ ಅಕ್ಕಿಯ ಅಳತೆ. 1600ರ ಸೆಕಿಗಹರ ಕದನದ ಬಳಿಕ ಮಗ ನಗಮಸನಿಗೆ ಸಿಕ್ಕ ಚಿಕುಜೆನ್ ಸೀಮೆಯಲ್ಲಿ ಅಷ್ಟು ಬೆಳೆಯುತ್ತದೆಂದು ಕಟ್ಟಿದ ಅಂದಾಜು ಅದು. ನಮ್ಮ ‘ಖಂಡುಗ’ವೂ ಕಾಳು, ನೆಲ ಎರಡನ್ನೂ ಅಳೆಯುತ್ತದೆ, ಆದರೆ ಖಂಡುಗದ ನೆಲ ಬಿತ್ತುವ ಬೀಜದ ಲೆಕ್ಕ, ಕೊಕು ಬೆಳೆಯ ಲೆಕ್ಕ. ಹಾಗಾಗಿ ಕೊಕುವನ್ನು ಖಂಡುಗ ಮಾಡದೆ ‘5,23,000 ಕೊಕು ಹುಟ್ಟುವಳಿಯ ಸೀಮೆ’ ಎನ್ನಿ. ಅಲ್ಲಿ ಕಟ್ಟಿದ ಕೋಟೆಗೆ ಬಿಜೆನ್ ಸೀಮೆಯ ಫುಕುವೊಕ ಎಂಬ ಊರಿನ ಹೆಸರನ್ನೇ ಇಟ್ಟರು. ಇಂದಿನ ನಗರದ ಹೆಸರೂ ಅದೇ, ಆದರೆ ಅದರ ಮುಖ್ಯ ರೈಲು ನಿಲ್ದಾಣ ಹಳೆಯ ವರ್ತಕರ ಪೇಟೆಯ ಹೆಸರಿನ ಹಕತ. ಪತ್ರಿಕೆಗಳಲ್ಲಿ ‘ಫುಕುವೋಕಾ’ ಆಗಲೇ ಬಳಕೆಯಲ್ಲಿದೆ. ಟೋಕಿಯೋದಂತೆ ಆ ಒಂದು ಹೆಸರನ್ನು ಬಳಕೆಗೆ ಬಿಡಿ, ಉಳಿದವನ್ನು ಮೇಲಿನ ರೀತಿಯಲ್ಲಿ ತಿದ್ದಿ.