ಸಹಾಯ ಬೇಕು: ಆಧಾರ್, ಪ್ಯಾನ್‌ನಲ್ಲಿ ಹುಟ್ಟಿದ ತಾರೀಕು ಬೇರೆ ಬೇರೆ, ಪಾಸ್‌ಪೋರ್ಟ್ ಅರ್ಜಿ ನಿಂತಿದೆ

ಎಲ್ಲರಿಗೂ ಶರಣು. ಹುಮನಾಬಾದ್ ಕಡೆಯ ಒಬ್ಬ ಅಜ್ಜಿಯವರು ಉಮ್ರಾಕ್ಕೆ (ಮೆಕ್ಕಾ ಯಾತ್ರೆಗೆ) ಹೋಗಬೇಕು, ಅವರ ಸಲುವಾಗಿ ಕೇಳ್ತಿದ್ದೀನಿ. ಶಾಲೆಗೆ ಹೋದವರಲ್ಲ, ಟಿಸಿ ಇಲ್ಲ, ಜನನ ಪತ್ರವೂ ಇಲ್ಲ. ಆಧಾರ್‌ನಲ್ಲಿ 01-01-1960, ಪ್ಯಾನ್‌ನಲ್ಲಿ 10-06-1962. ಹೆಸರಿನ ಕೊನೆಗೆ ಒಂದರಲ್ಲಿ ‘ಬೀ’, ಇನ್ನೊಂದರಲ್ಲಿ ‘ಬೇಗಂ’. ಪಾಸ್‌ಪೋರ್ಟ್ ಕೌಂಟರ್‌ನಲ್ಲಿ ಎರಡನ್ನೂ ಒಪ್ಪಲಿಲ್ಲ.

01-10-2023ಕ್ಕಿಂತ ಮೊದಲು ಹುಟ್ಟಿದವರಿಗೆ ಪಾಸ್‌ಪೋರ್ಟ್‌ಗೆ ಹುಟ್ಟಿದ ತಾರೀಕಿನ ಪುರಾವೆಯಾಗಿ ಜನನ ಪತ್ರವೇ ಬೇಕು ಅಂತಿಲ್ಲ. ಪ್ಯಾನ್, ಡಿಎಲ್, ವೋಟರ್ ಐಡಿ ನಡೆಯುತ್ತವೆ. ಆದರೆ ಅರ್ಜಿಯಲ್ಲಿ ಬರೆದದ್ದಕ್ಕೂ ದಾಖಲೆಗಳಿಗೂ ತಾಳೆಯಾಗಬೇಕು, ತೊಡಕು ಅಲ್ಲೇ. ಆಧಾರ್‌ನಲ್ಲಿ ಹುಟ್ಟಿದ ತಾರೀಕು ತಿದ್ದಲು ಇರೋದು ಒಂದೇ ಅವಕಾಶ, ಹೆಸರಿಗೆ ಎರಡು. ಗಟ್ಟಿ ದಾಖಲೆ ಕೈಗೆ ಬರೋ ತನಕ ಆ ಒಂದನ್ನು ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. ಆದ್ದರಿಂದ ಪ್ಯಾನನ್ನೇ ಆಧಾರ್‌ಗೆ ಹೊಂದಿಸೋದು ಹತ್ತಿರದ ದಾರಿ ಅನ್ನಿಸುತ್ತೆ. ವೋಟರ್ ಐಡಿಯನ್ನೂ ಈಗಲೇ ತೆಗೆದು ನೋಡಬೇಕು, ಅದರಲ್ಲಿ ಮೂರನೇ ತಾರೀಕು ಇದ್ದರೆ ಕೆಲಸ ಕೆಡುತ್ತೆ.

ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಯಾರಾದರೂ ಇಷ್ಟು ಹಳೆಯ ಜನನವನ್ನು ತಡವಾಗಿ ನೋಂದಣಿ ಮಾಡಿಸಿದ್ದೀರಾ? ರಿಜಿಸ್ಟರ್‌ನಲ್ಲಿ ದಾಖಲೆ ಇಲ್ಲ ಅನ್ನೋ ಪತ್ರದ ಜೊತೆ ವಯಸ್ಸಿಗೆ ಏನು ಪುರಾವೆ ಕೇಳಿದರು? ಬೀ–ಬೇಗಂ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಒಪ್ಪಿದರಾ, ಇಲ್ಲ ಪೇಪರ್ ಜಾಹೀರಾತೂ ಬೇಕಾಯ್ತಾ? ಮಾಡಿಸಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.