ಈದ ಎಮ್ಮೆ ಏಳ್ತಿಲ್ಲ: ಹಾಲು ಜ್ವರವೋ, ಪುಲಾವೋ?

ಪರೇಲ್ ಹುಡುಗ:
ನಾನು ಹಾವೇರಿ ಕಡೆಯವನು, ಮುಂಬೈನ ಬಾಂಬೆ ವೆಟರ್ನರಿ ಕಾಲೇಜಿನಲ್ಲಿ ನಾಲ್ಕನೇ ವರ್ಷ. ಜೋಗೇಶ್ವರಿಯ ತಬೇಲಾವೊಂದರಲ್ಲಿ (ಹಾಲಿನ ಎಮ್ಮೆಗಳ ಕೊಟ್ಟಿಗೆ) ಮೊನ್ನೆಯಷ್ಟೇ ಈದ ಮುರ್ರಾ ಎಮ್ಮೆ ಮಲಗಿಬಿಟ್ಟಿದೆ. ಕಿವಿ ತಣ್ಣಗೆ, ಮೆಲುಕು ಇಲ್ಲ. ನೋಡಿದರೆ ಹಾಲು ಜ್ವರ, ಅಂದರೆ ಈದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ. ಆದರೆ ರಾತ್ರಿ ಮದುವೆ ಹಾಲ್‌ನಿಂದ ಒಂದು ಟಬ್ ಪುಲಾವ್ ತಂದು ಹಾಕಿದ್ದರಂತೆ. ಕೊಟ್ಟಿಗೆಯಲ್ಲಿ ನಿಂತೇ ಇವೆರಡನ್ನು ಬೇರೆ ಮಾಡುವುದು ಹೇಗೆ ಸರ್?

ಬೈಲಹೊಂಗಲದ ಡಾಕ್ಟರ್, ಪುಣೆ:
ತಮ್ಮಾ, ಮೊದಲು ಸಗಣಿ ನೋಡು, ಕಿವಿ ಆಮೇಲೆ. ಹಾಲು ಜ್ವರದಾಗ ಸಗಣಿ ನಿಂತಿರತದ, ಬಂದ್ರೂ ಒಣ. ಕುತ್ತಿಗೆ ಪಕ್ಕೆಗೆ ಹೊರಳಿಸಿ ಮಲಗತದ. ಅನ್ನದ್ದಾದ್ರ ಸಗಣಿ ನೀರಾಗಿ ಹುಳಿ ನಾರತದ, ನಡುವ ಅಗುಳು ಅಗುಳೇ ಕಾಣತಾವ. ಎಡಪಕ್ಕೆ ಅದುಮಿ ಅಲುಗಿಸಿದ್ರ ಕೊಡದಾಗ ನೀರು ಕುಲುಕಿದಂಗ ಸಪ್ಪಳ. ಕಣ್ಣು ಗುಳಿ ಬಿದ್ದಿರತಾವ. ಥರ್ಮಾಮೀಟರ್ ಒಂದನ್ನೇ ನಂಬಬ್ಯಾಡ, ಎರಡರಾಗೂ ಮೈ ತಣ್ಣಗಾಗಬಹುದು.

ಅನುಮಾನ ಉಳಿದ್ರ ನಳಿಗೆ ಇಳಿಸಿ ರೂಮೆನ್ (ಮೇವು ಹುದುಗೋ ದೊಡ್ಡ ಹೊಟ್ಟೆ) ರಸ ತಗಿ, ಹುಳಿ ಅಳೆಯೋ ಪಿಎಚ್ ಪಟ್ಟಿ ಅದ್ದು; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 6ರಿಂದ 7ರ ನಡುವ ಇರಬೇಕಾದ್ದು 5.5ಕ್ಕಿಂತ ಕೆಳಗಿದ್ರ ಪುಲಾವಿನದೇ ಕೆಲಸ. ಪಿಷ್ಟ ಒಮ್ಮೆಲೇ ಬಿದ್ದಾಗ ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾ ಹೆಚ್ಚತಾವ, ಹೊಟ್ಟೆಯಾಗಿನ ಪ್ರೊಟೊಜೋವಾ ಅನ್ನೋ ಸೂಕ್ಷ್ಮಜೀವಿ ಸಾಯತಾವ, ಮೈಯಾಗಿನ ನೀರು ಹೊಟ್ಟೆಗೆ ಎಳಕೊಳ್ಳತದ. ಕಣ್ಣು ಗುಳಿ ಬೀಳೋದು ಅದಕ್ಕ.

ಒಂದು ಮೋಸ ಐತಿ. ಆಮ್ಲ ಏರಿದಾಗ ರಕ್ತದಾಗಿನ ಕ್ಯಾಲ್ಸಿಯಂ ಸಹಿತ ತುಸು ಇಳೀಬಹುದು. ಕ್ಯಾಲ್ಸಿಯಂ ಬಾಟಲಿ ಹಚ್ಚಿದ ಮ್ಯಾಲೆ ಎಮ್ಮೆ ಚೂರು ಗೆಲುವಾದ್ರ "ಹಾಲು ಜ್ವರಾನೇ" ಅಂತ ಬ್ಯಾಗ್ ಕಟ್ಟೋರು ಭಾಳ ಮಂದಿ. ಮರುದಿನ ಫೋನ್ ಬರತದ! ಮತ್ತ, ಮಲಗಿದ ಎಮ್ಮೆ ಬಾಯಿಗೆ ಯಾರೂ ಎಣ್ಣೆ ಹುಯ್ಯದಂಗ ನೋಡಿಕೋ. ಶ್ವಾಸಕೋಶಕ್ಕ ಇಳಿದ್ರ ಅದು ಬ್ಯಾರೇನ ಕಥಿ.

ಗೋರೆಗಾಂವ್ ಶೆಟ್ಟಿ:
ನಂದು ಇಲ್ಲಿ ಹೋಟೆಲ್. ಉಳಿದ ಅನ್ನ, ಇಡ್ಲಿ ದಿನಾ ತಬೇಲಾದವರೇ ಬಂದು ಕೊಂಡೋಗ್ತಾರೆ. ಇನ್ನು ಕೊಡುವುದೇ ಬೇಡವಾ ಡಾಕ್ಟ್ರೇ? ಚೆಲ್ಲಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ.

ಬೈಲಹೊಂಗಲದ ಡಾಕ್ಟರ್, ಪುಣೆ:
ಕೊಡ್ರಿ ಶೆಟ್ರ. ಆದ್ರ ಸ್ವಲ್ಪ ಸ್ವಲ್ಪ, ದಿನಾ ಅಷ್ಟಕ್ಕಷ್ಟ, ಭುಸಾದಾಗ ಕಲಸಿ ಹಾಕಂತ ಹೇಳ್ರಿ. ರೂಢಿ ಇಲ್ಲದ ಎಮ್ಮೆಗೆ ಎರಡು ವಾರದಾಗ ನಿಧಾನ ಏರಿಸಬೇಕು. ಹೊಸದಾಗಿ ಲಾರಿ ಇಳಿದದ್ದಕ್ಕ, ಈಗಷ್ಟೇ ಈದದ್ದಕ್ಕ ಬ್ಯಾಡ. ಬೂಷ್ಟು ಬಂದದ್ದು ಸೀದಾ ಕಸಕ್ಕ.