ದೊಡ್ಡಪ್ಪನ ಓಪನರ್‌ಗಳು

ಪುಟ್ಟಾ, ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಹಿಂದೆ ಕೇಳುತ್ತಿರುವುದು ಮಳೆ. ಇಲ್ಲಿ ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಹಿಡಿದದ್ದು ಬಿಟ್ಟಿಲ್ಲ. ಕರೆಂಟೂ ಇಲ್ಲ.

ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಸಾರ್ವಕಾಲಿಕ ಟೆಸ್ಟ್ ಟೀಮು ನೋಡಿದೆ. ಓಪನಿಂಗಿಗೆ, ಅಂದರೆ ಮೊದಲು ಬ್ಯಾಟ್ ಹಿಡಿದು ಇಳಿಯುವ ಜೋಡಿಗೆ, ಸಚಿನ್, ಸೆಹ್ವಾಗ್. ಅದರ ಕೆಳಗೆ ಭದ್ರಾವತಿ ಭಾವ, ನಮ್ಮೂರ ವಿಶ್ವನಾಥ್ ಇಲ್ಲದ ಟೀಮು ಟೀಮೇ ಅಲ್ಲ, ಅವರನ್ನೇ ಮೊದಲು ಕಳಿಸಿ ಎಂದು ಬರೆದಿದ್ದಾರೆ. ಆಮೇಲೆ ಬರೀ ನಗುವ ಗೊಂಬೆಗಳು.

ಭಾವಾ, ನಿಮ್ಮ ಅಭಿಮಾನ ಗೊತ್ತು. 1949ರಲ್ಲಿ ವಿಶಿ ಹುಟ್ಟಿದ್ದು ನಿಮ್ಮ ಭದ್ರಾವತಿಯಲ್ಲೇ, ಒಪ್ಪಿದೆ. ಆದರೆ ಅವರ ಜಾಗ ನಾಲ್ಕನೆಯದು. 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ವೇಗದ ಬೌಲರ್ ಆಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದದ್ದೂ ಮಧ್ಯದಲ್ಲಿ ಬಂದೇ. ಸಚಿನ್ ಕಥೆಯೂ ಅಷ್ಟೇ. 1994ರಲ್ಲಿ ಆಕ್ಲೆಂಡಿನಲ್ಲಿ ಓಪನರ್ ಆಗಿ 49 ಬಾಲಿಗೆ 82 ಹೊಡೆದರು ನಿಜ, ಅದು ಒನ್ ಡೇ. ಮರ ಹತ್ತಿ ಗೊನೆ ಕೊಯ್ಯುವ ಒಳ್ಳೆಯ ಕೊನೆಗಾರ ಎಂದು ಅವನನ್ನೇ ಅಡಿಕೆ ಬೇಯಿಸಲು ಕೂರಿಸುತ್ತೇವಾ?

ಹೊಸ ಚೆಂಡಿನ ಎದುರು ನಿಲ್ಲುವುದು ಬೇರೆಯೇ ಕೆಲಸ. ನಾನೂ ಒಮ್ಮೆ ನಿಂತಿದ್ದೇನೆ, ಒಮ್ಮೆ ಮಾತ್ರ. ಕಾಲೇಜಿನ ಮ್ಯಾಚು, ದೀಪಾವಳಿ ಹತ್ತಿರ. ರಾತ್ರಿ ಹನಿದಿತ್ತು. ಒದ್ದೆ ನೆಲದ ಮೇಲೆಯೇ ಮ್ಯಾಟ್ ಹಾಸಿದ್ದರು, ಒಂದು ಕಡೆ ಮೊಳೆ ಸಡಿಲವಾಗಿ ಮ್ಯಾಟ್ ಉಬ್ಬಿತ್ತು. ನಾಲ್ಕನೇ ಬಾಲು ಸರಿಯಾಗಿ ಆ ಉಬ್ಬಿಗೇ ಬಿದ್ದು ಎದೆ ಮಟ್ಟಕ್ಕೆ ಎದ್ದಿತು. ಹೆಬ್ಬೆರಳಿಗೆ ಬಡಿದು ಸ್ಲಿಪ್ಪಿಗೆ ಕ್ಯಾಚು. ಸೊನ್ನೆ. ಉಗುರು ಕಪ್ಪಾಯಿತು, ಹಬ್ಬದ ದಿನ ಎಣ್ಣೆ ಹಚ್ಚುವಾಗ ಅಮ್ಮನ ಕೈ ತಾಗಿದ್ದಕ್ಕೆ ಕಿರುಚಿದ್ದೆ. ನಿನ್ನಪ್ಪ ಮಾತ್ರ ಆರನೆಯವನಾಗಿ ಇಳಿದು, ಚೆಂಡು ನಾರುನಾರಾದ ಮೇಲೆ 40 ಹೊಡೆದು ಇವತ್ತಿಗೂ ಹೇಳಿಕೊಳ್ಳುತ್ತಾನೆ. ಕೇಳಿ ನೋಡು.

ಅದಕ್ಕೇ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಗಾವಸ್ಕರ್. 1971ರಲ್ಲಿ ಮೊದಲ ಸರಣಿ, ವೆಸ್ಟ್ ಇಂಡೀಸಿನಲ್ಲಿ, 4 ಟೆಸ್ಟಿಗೆ 774 ರನ್. 34 ಶತಕದಲ್ಲಿ 13 ಅವರ ಮೇಲೆಯೇ. ತಲೆಗೆ ಹೆಲ್ಮೆಟ್ ಇಲ್ಲ. 1979ರಲ್ಲಿ ಇಂಗ್ಲೆಂಡ್ ಮೇಲೆ ಲಂಡನ್ನಿನ ಓವಲ್ ಮೈದಾನದಲ್ಲಿ ಆಡಿದ ಟೆಸ್ಟು ನನಗೆ ಇನ್ನೂ ಕಿವಿಯಲ್ಲಿದೆ. ನಾನಾಗ ಹದಿಮೂರರ ಹುಡುಗ. ಹೊರಗೆ ಇಂಥದ್ದೇ ಮಳೆ, ಒಳಗೆ ಕಂಬಳಿ ಹೊದ್ದು ಕರಕರ ಎನ್ನುವ ರೇಡಿಯೋಗೆ ಕಿವಿ ಹಚ್ಚಿದ್ದೆ. ಗೆಲ್ಲಲು 438 ಬೇಕಿತ್ತು, ಗಾವಸ್ಕರ್ ಒಬ್ಬರೇ 221. ಅವರು ಔಟಾದ ಮೇಲೆ ಎಲ್ಲ ಕುಸಿದು 8 ವಿಕೆಟಿಗೆ 429, ಡ್ರಾ. ಅವತ್ತು ವಿಶಿಯನ್ನು ತಡವಾಗಿ ಕಳಿಸಿದರು ಎನ್ನುವ ಸಿಟ್ಟು ಭಾವನಿಗೆ ಇನ್ನೂ ಇಳಿದಿಲ್ಲ, ಅದರಲ್ಲಿ ನಾನು ಪೂರ್ತಿ ಅವರ ಪಕ್ಷ. ಗಾವಸ್ಕರ್ ಕೊನೆಯ ಟೆಸ್ಟು 1987ರಲ್ಲಿ ಬೆಂಗಳೂರಿನಲ್ಲಿ. ಚೆಂಡು ಬುಗುರಿಯಂತೆ ತಿರುಗುತ್ತಿದ್ದಾಗ 96. ಪಾಕಿಸ್ತಾನಕ್ಕೆ 16 ರನ್ನಿನಿಂದ ಸೋತೆವು. ಮತ್ತೆ ಭಾವಾ, ವಿಶಿ ಮದುವೆಯಾಗಿದ್ದು ಗಾವಸ್ಕರ್ ತಂಗಿಯನ್ನು. ಲೆಕ್ಕ ಹಾಕಿದರೆ ಗಾವಸ್ಕರ್ ನಿಮ್ಮೂರಿಗೆ ಬೀಗರು. ಬೀಗರಿಗೆ ಬೇಡ ಎನ್ನಬೇಡಿ.

ಇನ್ನೊಂದು ತುದಿಗೆ ಯಾರು? ಸೆಹ್ವಾಗನ್ನು ಬಿಡಲು ನನಗೇ ಮನಸ್ಸಿಲ್ಲ ಪುಟ್ಟಾ. ಮುಲ್ತಾನಿನ 309, ಚೆನ್ನೈನ 319, ಯಾರು ಹೊಡೆದಾರು ಹಾಗೆ! ಆದರೆ ಇಂಗ್ಲೆಂಡ್, ನ್ಯೂಜಿಲೆಂಡಿನಲ್ಲಿ ಚೆಂಡು ಅಲ್ಲಾಡುವ ಕಡೆ ಅವರ ಸರಾಸರಿ 30 ಮುಟ್ಟುವುದಿಲ್ಲ. ನಾನು ಒದ್ದೆ ನೆಲದವನು, ಅದನ್ನು ಸುಮ್ನೆ ಬಿಡಲು ಆಗುವುದಿಲ್ಲ.

ನನ್ನ ಆಯ್ಕೆ ಇಂಗ್ಲೆಂಡಿನ ಜ್ಯಾಕ್ ಹಾಬ್ಸ್. ಅಜ್ಜನ ಕಾಲದವರು ಎಂದು ನಗಬೇಡ. ಆಗ ಮಳೆ ಬಂದರೆ ಪಿಚ್ಚು ಮುಚ್ಚುತ್ತಿರಲಿಲ್ಲ. 1926ರಲ್ಲಿ ಅದೇ ಓವಲ್‌ನಲ್ಲಿ, ಆಸ್ಟ್ರೇಲಿಯಾ ಮೇಲೆ, ರಾತ್ರಿ ಗುಡುಗು ಮಳೆ, ಹಗಲು ಬಿಸಿಲು. ಮಳೆ ಬಿಟ್ಟ ಮರುದಿನ ನಮ್ಮ ಅಂಗಳ ನೋಡಿದ್ದೀಯಲ್ಲ, ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಪಿಚಕ್ ಎನ್ನುತ್ತದೆ. ಅಂಥ ಮಣ್ಣಿಗೆ ಚೆಂಡು ಬಿದ್ದರೆ ಕಚ್ಚಿ, ತಿರುಗಿ, ಮುಖಕ್ಕೇ ಎದ್ದು ಬರುತ್ತದೆ. ಅದರ ಮೇಲೆ ಹಾಬ್ಸ್ ಸರಿಯಾಗಿ 100, ಜೊತೆಗಾರ ಸಟ್‌ಕ್ಲಿಫ್ 161. ಮೊದಲ ವಿಕೆಟಿಗೇ 172. ಇಂಗ್ಲೆಂಡ್, ಆಸ್ಟ್ರೇಲಿಯಾ ಕಾದಾಡುವ ಆ್ಯಷಸ್ ಇಂಗ್ಲೆಂಡಿಗೆ ಮರಳಿತು. ಹಾಬ್ಸ್‌ಗೆ ಆಗ 43 ವರ್ಷ! 46ರಲ್ಲಿ ಮೆಲ್ಬರ್ನ್‌ನಲ್ಲಿ ಇನ್ನೊಂದು ಶತಕ ಹೊಡೆದರು. ಅಷ್ಟು ವಯಸ್ಸಿನಲ್ಲಿ ಟೆಸ್ಟ್ ಶತಕ ಹೊಡೆದವರು ಬೇರೆ ಯಾರೂ ಇಲ್ಲ. ನನಗೆ 46ರಲ್ಲಿ ಅಟ್ಟ ಹತ್ತಿದರೆ ಮಂಡಿ ಹಿಡಿಯುತ್ತಿತ್ತು.

ಹಾಗಾಗಿ ಗಾವಸ್ಕರ್, ಹಾಬ್ಸ್. ಬರೆದುಕೋ. ಫೋನು ಆಗಲೇ ಕೆಂಪು ತೋರಿಸುತ್ತಿದೆ, ವಿಕೆಟ್ ಕೀಪರ್ ಯಾರು ಎನ್ನುವ ಜಗಳ ನಾಳೆ ಆಡೋಣ. ಭಾವಾ, ವಿಶಿಯನ್ನು ನಾಲ್ಕಕ್ಕೆ ಹಾಕಲು ನನ್ನದೇನೂ ಅಡ್ಡಿಯಿಲ್ಲ. ಹಾಗಾದರೆ ಸಚಿನ್ ಎಲ್ಲಿಗೆ ಹೋಗಬೇಕು ಎಂದು ಪುಟ್ಟನ ಹತ್ತಿರ ನೀವೇ ಮಾತಾಡಿಕೊಳ್ಳಿ.